ಎರಡೂವರೆ ಸುತ್ತು

ಪಕ್ಕದ ಮನೆಯ ಮಾವ್ರಾ ಬಾಗಿಲು ತೆರೆದಳು. ಅವಳಿಗಿಂತ ಮೊದಲು ಬೆಳ್ಳನೆಯ ಚಳಿ ನೆಲ ಹಿಡಿದು ಮೇಜಿನ ಕಾಲಿನವರೆಗೆ ಉರುಳಿ ಬಂತು. ರೆಪ್ಪೆಗೆಲ್ಲ ಹಿಮ ಕಟ್ಟಿ ಅವಳ ಕಣ್ಣು ಅರ್ಧ ಮುಚ್ಚಿಕೊಂಡಿತ್ತು. ಕೈಗವಸು ತೆಗೆಯದೆ, ಕೂರದೆ, ಹೊಸಿಲ ಬಳಿಯೇ ನಿಂತು ಗವ್ರೀಲನಿಗೆ ಹೇಳಿದಳು.

"ನಮ್ಮನೆ ಪೈಪು ತಣ್ಣಗಾಗ್ತಿದೆ ಕಣಯ್ಯಾ. ನಿನ್ನೆ ಉಗುರು ಬೆಚ್ಚಗಾದ್ರೂ ಇತ್ತು. ಈಗ ಮುಟ್ಟಿದ್ರೆ ಹೆಣ ಮುಟ್ಟಿದ ಹಾಗಾಗುತ್ತೆ."

ಗಂಜಿ ಕಲಕುತ್ತಿದ್ದ ಅವನ ಹೆಂಡತಿ ಅಕುಲೀನಾಳ ಕೈ ನಿಂತಿತು. ಅವಳು ತಿರುಗಿ ನೋಡಲಿಲ್ಲ.

ಗವ್ರೀಲ ಆಗಲೇ ತೊಗಲಿನ ಬೂಟು ಏರಿಸುತ್ತಿದ್ದ. ಹೊರಗೆ ಸೊನ್ನೆಗಿಂತ ಐವತ್ನಾಲ್ಕು ಡಿಗ್ರಿ ಕೆಳಗಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನಲವತ್ತು ಹೆಜ್ಜೆ ಆಚೆಗಿನ ಮಾವ್ರಾಳ ಮನೆಯೇ ಕಾಣುತ್ತಿರಲಿಲ್ಲ. ಊರಿನ ಮೂವತ್ತಾರು ಮನೆಗಳಿಗೂ ಒಂದೇ ಬಾಯ್ಲರ್. ಅಲ್ಲಿಂದ ಹೊರಟ ಬಿಸಿನೀರು ಒಂದು ಮನೆ ಸುತ್ತಿ ಇನ್ನೊಂದಕ್ಕೆ ಹೋಗಿ, ಗವ್ರೀಲನ ಮನೆ ದಾಟಿ, ಕಟ್ಟಕಡೆಯಲ್ಲಿ ಮಾವ್ರಾಳ ಮನೆ ಮುಟ್ಟಿ ಹಿಂದಿರುಗುತ್ತಿತ್ತು. ಬಾಯ್ಲರ್ ಬಂದ ವರ್ಷ ಎಲ್ಲರೂ ಹಳೆಯ ಒಲೆಗಳನ್ನು ಕಿತ್ತು ಸೋಫಾ ಹಾಕಿಕೊಂಡಿದ್ದರು. ಈ ಚಳಿಯಲ್ಲಿ ನೀರು ನಿಂತರೆ ಪೈಪು ಒಡೆಯಲು ಮೂರು ಗಂಟೆ ಸಾಕು, ಆಮೇಲೆ ಬೇಸಿಗೆಯವರೆಗೆ ಆ ಮನೆ ಮನೆಯಲ್ಲ.

ಊರಿನ ಪೈಪುಗಳೆಲ್ಲ ಗವ್ರೀಲನ ಜವಾಬ್ದಾರಿ. ಪ್ರತಿ ಶರತ್ಕಾಲದಲ್ಲಿ ಅವನು ಮನೆಮನೆಯ ವಾಲ್ವನ್ನೂ ಕೈಯಾರೆ ತಿರುಗಿಸಿ, ಯಾರಿಗೆಷ್ಟು ಬಿಸಿ ಎಂದು ಗೊತ್ತುಮಾಡಿ, ಚಕ್ರಕ್ಕೂ ಅದರ ಬುಡಕ್ಕೂ ಸೇರಿಸಿ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಗೆರೆ ಮುರಿದಿದ್ದರೆ ಯಾರೋ ಕೈಯಾಡಿಸಿದ್ದಾರೆ ಎಂದರ್ಥ. ಇಪ್ಪತ್ತು ವರ್ಷಗಳಲ್ಲಿ ಯಾರೂ ಕೈಯಾಡಿಸಿರಲಿಲ್ಲ. ನನ್ನ ಗೆರೆ ಅಂದರೆ ಗೆರೆ ಎಂದು ಅವನು ಕುಡಿದಾಗಲೆಲ್ಲ ಎದೆ ತಟ್ಟಿಕೊಳ್ಳುತ್ತಿದ್ದ.

"ನಾನೂ ಬರ್ತೀನಿ," ಎಂದಳು ಅಕುಲೀನಾ.

"ನೀನ್ಯಾಕೆ? ಮಗು ನೋಡ್ಕೋ."

"ಮಗು ಹತ್ರ ತುಯಾರಾ ಇದ್ದಾಳೆ."

ಒಳಕೋಣೆಯಲ್ಲಿ ಮಗಳು ತುಯಾರಾ ತನ್ನ ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದ್ದಳು. ಗೋಡೆಯ ಮೇಲೆ ಉಷ್ಣಮಾಪಕ ನೇತಾಡುತ್ತಿತ್ತು. ಅದನ್ನು ಅಲ್ಲಿ ಮೊಳೆ ಹೊಡೆದು ತೂಗುಹಾಕಿದವಳು ಮಾವ್ರಾಳೇ. ಊರಿಗಿದ್ದ ಒಬ್ಬಳೇ ನರ್ಸು ಅವಳು. ಸೆಪ್ಟೆಂಬರಿನಲ್ಲಿ ತುಯಾರಾಳಿಗೆ ಏಳು ವಾರ ಮೊದಲೇ ಹೆರಿಗೆಯಾಗಿ, ಮಂಜಿನಿಂದ ಹೆಲಿಕಾಪ್ಟರ್ ಬಾರದೆ ಹೋದಾಗ, ಅಂಗೈಯಷ್ಟಿದ್ದ ಮಗುವನ್ನು ತನ್ನ ಬರಿ ಎದೆಗೆ ಕಟ್ಟಿಕೊಂಡು ಎರಡು ದಿನ ಕುಳಿತಲ್ಲಿಂದ ಎದ್ದಿರಲಿಲ್ಲ ಅವಳು. ಪಟ್ಟಣದ ಆಸ್ಪತ್ರೆಯಿಂದ ಮಗು ಮರಳಿದ ದಿನ ಉಷ್ಣಮಾಪಕ ತೂಗುಹಾಕಿ ಹೇಳಿದ್ದಳು, "ಇಪ್ಪತ್ತಾರು. ಒಂದು ಡಿಗ್ರಿ ಕಮ್ಮಿ ಆಗಬಾರದು, ಅಕುಲೀನಾ."

ಆಗ ಅದು ತೋರಿಸುತ್ತಿದ್ದದ್ದು ಇಪ್ಪತ್ತೊಂದು. ಅಕುಲೀನಾ ಗಂಡನನ್ನು ಬೇಡಿಕೊಂಡಳು, ಕಡೆಯ ವಾಲ್ವು ಸ್ವಲ್ಪ ಬಿಗಿ ಮಾಡಿದರೆ ಬಿಸಿ ನಮ್ಮಲ್ಲೇ ನಿಲ್ಲುತ್ತದಲ್ಲ ಎಂದಳು. ಎಲ್ಲರಿಗೂ ಅವರವರ ಪಾಲು ಎಂದು ಅವನು ಹೊದಿಕೆ ಎಳೆದುಕೊಂಡ. ಅವನು ಬಾಯ್ಲರ್ ಮನೆಗೆ ಹೋದ ಹೊತ್ತು ನೋಡಿ ಅಕುಲೀನಾ ಆ ವಾಲ್ವಿದ್ದ ಮರದ ಪೆಟ್ಟಿಗೆಯ ಮುಚ್ಚಳ ಎತ್ತಿ, ಚಳಿ ತಡೆಯಲು ತುಂಬಿದ್ದ ಮರದ ಹೊಟ್ಟು ಸರಿಸಿ, ಚಕ್ರವನ್ನು ಎರಡೂವರೆ ಸುತ್ತು ತಿರುಗಿಸಿದಳು. ಹಳೆಯ ಗೆರೆಯನ್ನು ಚಾಕುವಿನಿಂದ ಕೆರೆದು, ಮಗಳ ಉಗುರುಬಣ್ಣದಿಂದ ಹೊಸ ಗೆರೆ ಎಳೆದಳು. ಗಂಡನ ಗೆರೆಗಿಂತ ನೇರವಾಗಿಯೇ ಬಂತು. ಮರುದಿನ ಉಷ್ಣಮಾಪಕ ಇಪ್ಪತ್ತಾರು ತೋರಿಸಿತು, ಮಾವ್ರಾ ಅವಳ ಬೆನ್ನು ತಟ್ಟಿದಳು. ಮಗುವಿನ ಕೆನ್ನೆ ತುಂಬುವುದನ್ನು ನೋಡುತ್ತ ಅಕುಲೀನಾ ಆ ಚಕ್ರವನ್ನು ಮರೆಯಲು ಕಲಿತಿದ್ದಳು. ಮರೆತೂ ಇದ್ದಳು, ಹೆಚ್ಚುಕಡಿಮೆ.

ಎರಡು ಮನೆಗಳ ನಡುವಿನ ಪೆಟ್ಟಿಗೆಯ ಮುಂದೆ ಗವ್ರೀಲ ಮಂಡಿಯೂರಿದ. ಅಕುಲೀನಾ ಅವನ ಹೆಗಲ ಮೇಲಿಂದ ಟಾರ್ಚು ಹಿಡಿದಳು. ಅವನು ಕೈಗವಸಿನಿಂದ ಹೊಟ್ಟು ಸರಿಸಿ ನೋಡಿದ. ಗೆರೆ ಕೂಡಿಕೊಂಡಿತ್ತು.

"ಇಲ್ಲಿ ಸರಿಯಾಗಿದೆ. ಒಳಗೆ ಗೋಡೆ ಹತ್ರ ಮಂಜು ಕಟ್ಟಿದೆ," ಎಂದು ಅವನು ಮುಚ್ಚಳ ಹಾಕಿದ.

ಆಗಲೇ ಹೇಳಿಬಿಡಬಹುದಿತ್ತು. ಹೇಳಲು ಬಾಯಿ ತೆರೆದಳು ಕೂಡ. ಚಳಿ ಹಲ್ಲಿಗೆ ತಾಗಿತು, ಮುಚ್ಚಿಕೊಂಡಳು. ನೀರು ಇನ್ನೂ ಪೂರ್ತಿ ಸತ್ತಿಲ್ಲ, ಗಂಡ ಬಿಸಿ ಮುಟ್ಟಿಸಿದರೆ ಹರಿಯುತ್ತದೆ, ಅವನು ಮಲಗಿದ ಮೇಲೆ ಬಂದು ಒಂದು ಸುತ್ತು ಸಡಿಲಿಸಿದರಾಯಿತು ಎಂದು ಲೆಕ್ಕ ಹಾಕಿದಳು. ಲೆಕ್ಕ ಚೆನ್ನಾಗಿಯೇ ಇತ್ತು, ಸಿಕ್ಕಿಬೀಳುವ ಭಯದಲ್ಲಿ ಹಾಕುವ ಲೆಕ್ಕಗಳೆಲ್ಲ ಚೆನ್ನಾಗಿಯೇ ಇರುತ್ತವೆ.

ಗವ್ರೀಲ ಸೀಮೆಎಣ್ಣೆಯ ಬೆಸುಗೆ ದೀಪ ಹೊತ್ತಿಸಿದ. ಮಾವ್ರಾಳ ಮನೆಗೋಡೆಯ ದಿಮ್ಮಿಗಳ ನಡುವೆ ಪೈಪು ಒಳಹೊಗುವ ಜಾಗಕ್ಕೆ, ಮರಕ್ಕೆ ಉರಿ ತಾಗದಂತೆ, ಒಂದು ತಗಡು ಅಡ್ಡ ಹಿಡಿಯಲು ಹೆಂಡತಿಗೆ ಹೇಳಿದ. ದಿಮ್ಮಿಗಳ ಸಂದಿಯಲ್ಲಿ ತುಂಬಿದ್ದು ಒಣ ಪಾಚಿ, ಅದರ ಹಿಂದೆ ಹೊಟ್ಟು. ಬೆಂಕಿಯ ನೀಲಿ ನಾಲಗೆ ಪೈಪನ್ನು ನೆಕ್ಕುತ್ತ ಗೊರಗೊರ ಸದ್ದು ಮಾಡಿತು. ಈ ಕೆಲಸ ಅವನಿಗೆ ಇಷ್ಟವಿರಲಿಲ್ಲ. ಹಿಂದೊಮ್ಮೆ ಮೇಲಿನ ಬೀದಿಯಲ್ಲಿ ಹೀಗೆ ಕಾಯಿಸಿದ ಮನೆ ಹಗಲೆಲ್ಲ ಸುಮ್ಮನಿದ್ದು, ಸಂಜೆ ಒಳಗಿನಿಂದ ಹೊತ್ತಿಕೊಂಡಿತ್ತು. ಅಂದಿನಿಂದ ಬೆಸುಗೆ ದೀಪ ಆರಿಸಿದ ಮೇಲೆ ಒಂದು ಗಂಟೆ ಆ ಗೋಡೆಯ ಮಗ್ಗುಲಲ್ಲೇ ಕೂತು, ಬೀಡಿಯಂಥ ಗಿಡ್ಡ ಸಿಗರೇಟು ಸೇದುತ್ತ, ಆಗಾಗ ಅಂಗೈ ಇಟ್ಟು ನೋಡಿ, ಆಮೇಲೇ ಏಳುವುದು ಅವನ ಪದ್ಧತಿಯಾಗಿತ್ತು.

ದೀಪದ ತುಂಬ ಇದ್ದ ಎಣ್ಣೆ ಮುಗಿಯಿತು. ಪೈಪಿನಲ್ಲಿ ಸದ್ದಿಲ್ಲ. ಅವನು ಮತ್ತೆ ತುಂಬಿಸಿದ. ಜ್ವಾಲೆಯನ್ನು ಇನ್ನೂ ಒಳಕ್ಕೆ, ಸಂದಿಯ ಬಾಯಿಗೇ ತಾಗುವಂತೆ ಇಟ್ಟ. ಪಾಚಿಯ ತುದಿಗಳು ಕೆಂಪಗೆ ಮಿನುಗಿ ಆರುತ್ತಿದ್ದವು, ಅವನು ಉಗುಳು ಹಚ್ಚಿ ಒತ್ತುತ್ತಿದ್ದ. ಅಕುಲೀನಾಳ ಕೈಯಲ್ಲಿದ್ದ ತಗಡು ವಾರೆಯಾಗಿ ಜಾರಿತ್ತು. ನೆಟ್ಟಗೆ ಹಿಡಿಯಲೂ ಬರುವುದಿಲ್ಲವೇ ಎಂದು ಅವನು ರೇಗಿದ.

ಎರಡನೆಯ ಸಲದ ಎಣ್ಣೆಯೂ ಮುಗಿಯುತ್ತ ಬಂದಾಗ ಮಾವ್ರಾ ಹೊರಗೆ ಬಂದಳು. ಕೋಟಿನ ಮೇಲೆ ಶಾಲು, ಅದರ ಮೇಲೆ ಇನ್ನೊಂದು ಶಾಲು. ಕೈಯಲ್ಲಿ ಎರಡು ಲೋಟ ಹಾಲು ಹಾಕಿದ ಚಹಾ.

"ಮೊದಲು ಕುಡೀರಿ. ನನ್ಮನೆ ಹೋದ್ರೂ ಹೋಗ್ಲಿ, ನೀವಿಬ್ರೂ ಸೆಟೆದು ನಿಂತ್ರೆ ಆ ಮಗೂನ ಯಾರು ನೋಡ್ಕೋತಾರೆ?"

ಅಕುಲೀನಾ ಲೋಟ ತೆಗೆದುಕೊಳ್ಳಲಿಲ್ಲ.

"ಗವ್ರೀಲ್, ಆರಿಸು. ವಾಲ್ವು ನಾನು ತಿರುಗಿಸಿದ್ದೆ. ಎರಡೂವರೆ ಸುತ್ತು."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಗೆರೆ ಇದೆಯಲ್ಲ ಎಂದ. ಗೆರೆಯೂ ತನ್ನದೇ ಎಂದಳು ಅವಳು. ಅವನು ದೀಪ ಆರಿಸಿ, ಪೆಟ್ಟಿಗೆಯ ಬಳಿ ಹೋಗಿ, ಕೈಗವಸು ಕಳಚಿ ಹೆಬ್ಬೆರಳ ಉಗುರಿನಿಂದ ಗೆರೆಯನ್ನು ಕೆರೆದ. ಅದು ಸಿಪ್ಪೆಯ ಹಾಗೆ ಒಂದೇ ಸಲಕ್ಕೆ ಎದ್ದು ಬಂತು. ಅದನ್ನು ಉಗುರ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸ್ಪ್ಯಾನರ್ ಹಾಕಿ ತಿರುಗಿಸಿದ, ಒಂದು, ಎರಡು, ಇನ್ನರ್ಧ. ಪೈಪು ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ನೀರು ಹರಿಯುವ ಸದ್ದು ಗೋಡೆಯೊಳಗೆ ಹೋಯಿತು.

"ಯಾವಾಗಿಂದ?" ಎಂದಳು ಮಾವ್ರಾ.

"ಅಕ್ಟೋಬರ್ ಕೊನೇಲಿ. ನೀನೇ ಇಪ್ಪತ್ತಾರು ಅಂದಿದ್ಯಲ್ಲಾ ಮಾವ್ರಾ. ಮಗು..."

"ಅವತ್ತಿಂದ ಕೋಟು ಹಾಕ್ಕೊಂಡೇ ಮಲಗ್ತಿದ್ದೀನಿ. ಬಾಯ್ಲರಿನವ್ರು ಕಲ್ಲಿದ್ದಲು ಕದೀತಾರೆ ಅಂತ ಊರೆಲ್ಲಾ ಬೈಕೊಂಡು ತಿರುಗ್ದೆ." ಅವಳು ಒಂದು ಲೋಟವನ್ನು ಗವ್ರೀಲನ ಕೈಗೆ ಕೊಟ್ಟಳು. "ಒಂದು ಮಾತು ಕೇಳಿದ್ರೆ ನಾನೇ ಬಂದು ತಿರುಗಿಸಿ ಕೊಡ್ತಿದ್ದೆನಲ್ಲೇ."

ಇನ್ನೊಂದು ಲೋಟ ಹಿಡಿದುಕೊಂಡೇ ಒಳಗೆ ಹೋದಳು. ಗವ್ರೀಲ ತನ್ನದನ್ನು ಕುಡಿಯದೆ ಪೆಟ್ಟಿಗೆಯ ಮೇಲಿಟ್ಟ, ಸಾಮಾನು ಚೀಲಕ್ಕೆ ತುಂಬಿ ಬಾಯ್ಲರ್ ಮನೆಯ ಕಡೆ ನಡೆದುಬಿಟ್ಟ. ಗೋಡೆಯ ಮಗ್ಗುಲಲ್ಲಿ ಕೂರಲಿಲ್ಲ. ಹೆಂಡತಿಯ ಮುಖ ನೋಡಬಾರದೆಂಬ ಆತುರದಲ್ಲಿ ಅವನಿಗೆ ಅದು ನೆನಪೇ ಬರಲಿಲ್ಲವೇನೋ. ಅಕುಲೀನಾಳಿಗೂ ಆಗ ನೆನಪಾಗಲಿಲ್ಲ.

ಅಂದು ಗುರುವಾರ, ಮಗುವನ್ನು ತೂಗುವ ದಿನ. ಮಾವ್ರಾ ಬರುವುದಿಲ್ಲವೆಂದುಕೊಂಡಿದ್ದಳು ಅಕುಲೀನಾ. ಆದರೆ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ತಕ್ಕಡಿಯೊಂದಿಗೆ ಬಂದಳು. ಬಿಸಿನೀರಲ್ಲಿ ಕೈ ತೊಳೆದಳು. ಅಕುಲೀನಾ ಟವೆಲು ಚಾಚಿದಳು. ಮಾವ್ರಾ ಅದನ್ನು ಕಾಣದವಳಂತೆ ಶಾಲಿಗೇ ಕೈ ಒರೆಸಿ, ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮಗುವನ್ನು ಎತ್ತಿದಳು. ಉಷ್ಣಮಾಪಕ ಇಪ್ಪತ್ತೆರಡಕ್ಕೆ ಇಳಿದಿತ್ತು. ತುಯಾರಾ ಗಾಬರಿಯಿಂದ ಅದನ್ನು ತೋರಿಸಿದಳು.

"ಇಷ್ಟು ಸಾಕು ಕಣಮ್ಮ," ಎಂದಳು ಮಾವ್ರಾ ತುಯಾರಾಳಿಗೆ. "ನಿನ್ನ ಮಗಳು ಈಗ ಗಟ್ಟಿ. ನವೆಂಬರಲ್ಲೇ ಸಾಕಿತ್ತು."

ಅಕುಲೀನಾ ಕೋಣೆಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಬೈದಿದ್ದರೆ, ಉಗಿದಿದ್ದರೆ ತಡೆದುಕೊಳ್ಳಬಹುದಿತ್ತು.

ಮೂರು ಗಂಟೆಗೆ ಬೆಳಕು ಸಾಯತೊಡಗಿತು. ಕುಡಿಯುವ ನೀರಿನ ಪೀಪಾಯಿ ಬರಿದಾಗಿತ್ತು. ಅಕುಲೀನಾ ಹಾರೆ ಹಿಡಿದು ಮನೆಯ ಹಿಂದೆ ಅಟ್ಟಿಯಾಗಿ ಜೋಡಿಸಿದ್ದ ಕೆರೆಯ ಮಂಜುಗಡ್ಡೆ ಒಡೆಯಲು ಹೋದಳು. ಎರಡು ತುಂಡು ಬಿದ್ದಿತ್ತು, ಮೂರನೆಯದಕ್ಕೆ ಹಾರೆ ಎತ್ತಿದಾಗ ಅವಳ ಮೂಗಿಗೆ ಬೇಸಿಗೆಯ ವಾಸನೆ ಬಡಿಯಿತು. ಸೊಳ್ಳೆ ಓಡಿಸಲು ಹಸುಗಳ ಸುತ್ತ ಸಗಣಿಯ ಹೊಗೆ ಹಾಕಿದಾಗ ಬರುವಂಥದು. ಎಷ್ಟು ಹಿತವಾಗಿತ್ತೆಂದರೆ ಒಂದು ಕ್ಷಣ ಅವಳು ಸುಮ್ಮನೆ ಅದನ್ನು ಎಳೆದುಕೊಂಡು ನಿಂತಳು. ಆಮೇಲೆ ಹಾರೆ ಹಿಡಿದೇ ಮಂಜಿನೊಳಗೆ ಓಡಿದಳು.

ಮಾವ್ರಾಳ ಮನೆಯ ಗೋಡೆಯ ದಿಮ್ಮಿಗಳೆಲ್ಲ ಬುಡದಿಂದ ಸೂರಿನವರೆಗೆ ಹಿಮ ಕಟ್ಟಿ ಬೆಳ್ಳಗಿದ್ದವು. ಪೈಪು ಒಳಹೋಗುವ ಜಾಗದ ಮೇಲೆ, ಮೊಣಕೈಯಷ್ಟು ಎತ್ತರದಲ್ಲಿ, ಅಂಗೈಯಗಲ ಮಾತ್ರ ಮರ ಕಪ್ಪಗೆ, ಒದ್ದೆಯಾಗಿ ಕಾಣುತ್ತಿತ್ತು. ಬೆಂಕಿಯಿಲ್ಲ, ಹೊಗೆಯೂ ಕಾಣುತ್ತಿರಲಿಲ್ಲ. ಕೈಗವಸು ತೆಗೆದು ಅಂಗೈ ಇಟ್ಟಳು. ಬಿಸಿಯಾಗಿತ್ತು.

ಕಿಟಕಿಗೆ ಓಡಿ ಬಡಿದಳು. ಗಾಜಿನ ಮೇಲಿನ ಹಿಮ ಹೊಸ ಬಿಸಿಗೆ ಕರಗಿ, ನಡುವೆ ತಟ್ಟೆಯಷ್ಟು ಜಾಗ ತಿಳಿಯಾಗಿತ್ತು. ಒಳಗೆ ದೀಪದ ಕೆಳಗೆ ಮಾವ್ರಾ ಕೋಟಿಲ್ಲದೆ ಕುಳಿತು, ಮಡಿಲಲ್ಲಿ ತುಪ್ಪಳದ ಬೂಟು ಇಟ್ಟುಕೊಂಡು ಹೊಲಿಯುತ್ತಿದ್ದಳು. ತಲೆ ಎತ್ತಿ ಅಕುಲೀನಾಳನ್ನು ನೋಡಿದಳು.

"ಗೋಡೆ," ಎಂದು ಕೂಗಿದಳು ಅಕುಲೀನಾ. "ಮಾವ್ರಾ, ಗೋಡೆಯೊಳಗೆ..."

ಎರಡು ಪದರ ಗಾಜು, ನಡುವೆ ಹತ್ತಿ, ಮಾತು ಒಳಗೆ ಹೋಗಲಿಲ್ಲ. ಮಾವ್ರಾ ದಾರ ಕಚ್ಚಿ ಕತ್ತರಿಸಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ನಿಧಾನವಾಗಿ ಎದ್ದು ಬಂದಳು. ಕಿಟಕಿಯ ಹತ್ತಿರ ಒಂದು ಗಳಿಗೆ ನಿಂತಳು. ಪರದೆ ಎಳೆದಳು.

ಅಕುಲೀನಾ ಬಾಗಿಲಿಗೆ ಹೋಗಿ ಬಡಿದಳು, ಒದ್ದಳು. ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿತು. ಅವಳು ಮತ್ತೆ ಗೋಡೆಗೆ ಓಡಿ ಬಂದು ಹಾರೆಯ ಮೊನೆಯನ್ನು ದಿಮ್ಮಿಗಳ ಸಂದಿಗೆ ತುರುಕಿ ಮೀಟಿದಳು. ಮರ ಕಿರುಗುಟ್ಟಿತು. ಹಾರೆಗೆ ಸಿಗದ್ದನ್ನು ಬರಿಗೈಯಿಂದಲೇ ಕಿತ್ತು ಹಿಮದ ಮೇಲೆ ಎಸೆಯತೊಡಗಿದಳು. ಪಾಚಿ ಹಿಡಿ ಹಿಡಿಯಾಗಿ ಬರುತ್ತಿತ್ತು, ಮೊದಲು ಬೆಚ್ಚಗೆ, ಆಮೇಲೆ ಬಿಸಿಯಾಗಿ. ಬಿದ್ದ ಪ್ರತಿ ಹಿಡಿಯೂ ಹಿಮದೊಳಗೆ ಒಂದೊಂದು ಕಪ್ಪು ಗುಳಿ ಮಾಡಿಕೊಂಡು ಇಳಿಯುತ್ತಿತ್ತು.