ಮಗಳ ಲೆಕ್ಕ ಅಪ್ಪ ಒತ್ತಿದರೆ

ಟ್ಯಾಬ್ ಕಂಡರೆ ಮಕ್ಕಳು ಕುಣಿಯುತ್ತಾರೆ. ಮೂರನೆಯ ಕ್ಲಾಸಿನ ಮೇಧಾ ಮಾತ್ರ ಮಂಚದಡಿ ತೂರಿಕೊಳ್ಳುತ್ತಿದ್ದಳು. ಕೈ ಹಿಡಿದೆಳೆದರೆ ಬೆರಳು ತಣ್ಣಗೆ ಕೊರೆಯುತ್ತಿದ್ದವು. ತಾಯಿ ಜಲಜಾ ಹೆದರಿದ್ದಳು. ಮಗುವಿನ ತಲೆಯಲ್ಲೇ ಏನಾದರೂ ಊನವಿದೆಯೇ? ಲೆಕ್ಕ ತಲೆಗೆ ಹತ್ತುತ್ತಿಲ್ಲ, ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಮಕ್ಕಳ ಮನೋವೈದ್ಯ ಡಾಕ್ಟರರಿಗೆ ತೋರಿಸಿ ಎಂದು ಶಾಲೆಯವರು ಹೇಳಿದಾಗಿನಿಂದ ಅವಳಿಗೆ ಅದೇ ಯೋಚನೆ.

ಗಂಡ ಬಾಲಚಂದ್ರ ಧಾರವಾಡದ ಕಡೆಯ ಬ್ಯಾಂಕ್ ಅಧಿಕಾರಿ. ವರ್ಷದ ನಡುವೆ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ವರ್ಗವಾಗಿತ್ತು.

"ಸಾಲಿ ಬದಲಾದರೇನಾತು? ಟ್ಯಾಬಿನಾಗಿನ ಲೆಕ್ಕದ ಆ್ಯಪ್ ನಮ್ಮ ಜೋಡಿನ ಬರ್ತದ. ಅದರಾಗ ಮೇಧಾ ಭಾಗಾಕಾರಕ್ಕ ಏರ್ಯಾಳ!"

"ಏರಿದಾಕಿ ಯಾಕ ನಡಗತಾಳ್ರೀ? ಒಗೀರಿ ಅದನ್ನ ಕೃಷ್ಣಾ ನದಿಗೆ!"

ಕೂಗಾಟ ಕೇಳಿ ಕೆಳಮನೆಯ ಟೀಚರ್ ಮಾಧವೀಲತಾ ಮೇಲೆ ಬಂದರು. ಅವರು ಬಳ್ಳಾರಿಯಲ್ಲಿ ಬೆಳೆದವರು. "ನದಿ ಏನ್ ತಪ್ಪು ಮಾಡೈತಮ್ಮಾ?" ಎನ್ನುತ್ತ ಹುಣಸೆ ಬೀಜ ಸುರಿದು, ಹತ್ತತ್ತರ ಗುಂಪು ಮಾಡಿ ಮೇಧಾಳನ್ನು ಕೂರಿಸಿಕೊಂಡರು. ಹತ್ತರ ಗುಂಪು ಒಡೆದು ಕಳೆಯುವುದು ಮಗುವಿಗೆ ಗೊತ್ತೇ ಇರಲಿಲ್ಲ. ಊರು ಬದಲಿಸುವ ಗಡಿಬಿಡಿಯಲ್ಲಿ ಆ ಪಾಠವೇ ತಪ್ಪಿಹೋಗಿತ್ತು.

"ಕಳೆಯೋದೇ ಬರಲ್ಲ, ಭಾಗಾಕಾರಕ್ಕೆ ಹೆಂಗ್ ಹೋದೆ ಬಂಗಾರಂ?"

ಮೇಧಾ ಅಪ್ಪನತ್ತ ನೋಡಿ ತುಟಿ ಕಚ್ಚಿದಳು. "ಅಪ್ಪಾ ಬ್ಯಾಂಕಿಗೆ ಹೋಗೋ ಇಬ್ರಾಹಿಂಪಟ್ನಂ ಬಸ್ಸಿನಾಗ ಕುಂತು ನನ್ನ ಲೆಕ್ಕದ ಉತ್ತರ ಫೋನಿನಾಗ ಒತ್ತತಾರ. ಯಾರಿಗೂ ಹೇಳಬ್ಯಾಡ ಅಂದಾರ."

ಬಾಲಚಂದ್ರರ ಮುಖ ಕಪ್ಪಿಟ್ಟಿತು. "ಮಗಳು ಹಿಂದ ಬೀಳಬಾರದಂತ..."

"ಮಗು ತಪ್ಪು ಮಾಡಿದ್ರೆ ಆ್ಯಪು ಹಿಂದಕ್ಕೆ ಹೋಗಿ ಕಲಿಸ್ತೈತಿ ಸಾರ್. ನೀವು ಸರಿ ಒತ್ತಿದ್ರಿ, ಅದು ಮುಂದಕ್ಕೆ ಓಡ್ತು. ಬ್ಯಾಂಕ್ ಆಫೀಸರು ಮೂರನೇ ಕ್ಲಾಸ್ ಪಾಸಾದ್ರಂಡಿ!"

ಜಲಜಾ ನಗಲಿಲ್ಲ. "ಹಂಗಾದ್ರ ಡಾಕ್ಟರು?"

"ಮೊದಲು ಕಲಿಸಿ ನೋಡೋಣಮ್ಮಾ. ಆಮೇಲೂ ಬರದಿದ್ರೆ ನಾನೇ ಜೊತೆಗೆ ಬರ್ತೀನಿ. ಅದರಲ್ಲಿ ನಾಚಿಕೆ ಏನೈತಿ?"

ಬಾಲಚಂದ್ರ ಆ್ಯಪನ್ನು ಮೊದಲಿನಿಂದ ಶುರುಮಾಡಿ ಟ್ಯಾಬನ್ನು ಮಗಳ ಮುಂದಿಟ್ಟರು. ಮೇಧಾ ಒತ್ತಿದಳು. ಕೆಂಪು ಗುರುತು ಬಂತು. ಹೊಡೆತಕ್ಕೆ ಕಾದವಳಂತೆ ಹೆಗಲು ಕುಗ್ಗಿಸಿದಳು.

"ತಪ್ಪಾತು ಅಪ್ಪಾ."

"ಆಗಲಿ ಬಿಡವ್ವ. ಬೀಜ ತಗೋ," ಎಂದು ಬಾಲಚಂದ್ರ ನೆಲದ ಮೇಲೆ ಕುಳಿತರು.

ಮೇಧಾ ಹತ್ತರ ಗುಂಪಿಗೆ ಕೈ ಹಾಕಿ ತಾನೇ ಒಡೆದಳು.

ಅಪ್ಪ ಅಮ್ಮಂದಿರೇ, ಆ್ಯಪ್ ಕೊಡಿಸಿ ಕೈ ತೊಳೆದುಕೊಳ್ಳಬೇಡಿ. ಬೈದು ಮೂಲೆಗೂ ಎಸೆಯಬೇಡಿ. ಟೀಚರ್ ಕಲಿಸಲಿ, ಕಾಳು ಬೀಜ ಕಲಿಸಲಿ, ಅಭ್ಯಾಸಕ್ಕೆ ಆ್ಯಪ್ ಇರಲಿ. ಪಕ್ಕದಲ್ಲಿ ಕುಳಿತುಕೊಳ್ಳಿ, ಆದರೆ ಮಗುವಿನ ಬದಲು ಒಂದು ಸಲವೂ ಒತ್ತಬೇಡಿ. ನಿಮ್ಮ ಮಗು ತಪ್ಪು ಮಾಡಲು ಹೆದರುತ್ತಿದೆಯೇ? ಆ ಹೆದರಿಕೆ ಕೊಟ್ಟವರು ಯಾರೆಂದು ಇವತ್ತೇ ನಿಮ್ಮನ್ನು ನೀವು ಕೇಳಿಕೊಳ್ಳಿ.