ಬಂದ್ ಮಾಡಬಾರದ ಇಂಜಿನು

ಹಿರೇಕೆರೂರಿನಲ್ಲಿ ಮೆಕ್ಕೆಜೋಳ ತುಂಬುವಾಗ ಹಸನಸಾಬ ಲಾರಿಯಿಂದ ಇಳಿದ, ಆದರೆ ಇಂಜಿನ್ ಬಂದ್ ಮಾಡಲಿಲ್ಲ. ಹಮಾಲರು ಚೀಲ ಹೊತ್ತು ಮೇಲೆ ಹಾಕುತ್ತಿದ್ದರು, ಗಾಡಿ ಗುರುಗುಟ್ಟುತ್ತಲೇ ಇತ್ತು. ಅವನು ನಮಾಜು ಮುಗಿಸಿ ಬಂದಾಗಲೂ ಗುರುಗುಟ್ಟುತ್ತಿತ್ತು. ಡೀಸೆಲ್ ಸುಮ್ಮನೆ ಸುಟ್ಟರೆ ಹೊಟ್ಟೆ ಉರಿದುಕೊಳ್ಳುವ ಮನುಷ್ಯ ಅವನು. ಇಳಿಜಾರು ಕಂಡರೆ ಕಾಲು ಎತ್ತಿ ಗಾಡಿಯನ್ನು ತನ್ನಷ್ಟಕ್ಕೆ ಉರುಳಲು ಬಿಡುವವನು. ಅಂಥವನೇ ಹೀಗೆ ಮಾಡಬೇಕಾದರೆ ಹೆದರಿಕೆ ದೊಡ್ಡದೇ ಇರಬೇಕು.

ಸ್ಟೇರಿಂಗಿನ ಹಿಂದೆ ಒಂದು ಹಳದಿ ದೀಪ ಹತ್ತಿಕೊಂಡಿತ್ತು. ಹೆದರಿಕೆ ಅದರದೇ.

ಸವಣೂರಿನ ಹಸನಸಾಬನ ಹಳೆಯ ಲಾರಿ ಫಿಟ್‌ನೆಸ್ಸಿನಲ್ಲಿ ಪಾಸಾಗದೆ ಗುಜರಿಗೆ ಹೋದ ಮೇಲೆ ಅವನು ಹೊಗೆಯ ಹೊಸ ಕಾನೂನಿನ ಈ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದ. ಇದಕ್ಕೆ ಡೀಸೆಲ್ ಟ್ಯಾಂಕಿನ ಪಕ್ಕ ನೀಲಿ ಮುಚ್ಚಳದ ಇನ್ನೊಂದು ಸಣ್ಣ ಟ್ಯಾಂಕು. ಅದಕ್ಕೆ ಯೂರಿಯಾ ನೀರು ಹಾಕಬೇಕು. ಆ ನೀರು ಸೈಲೆನ್ಸರಿನಲ್ಲಿ ಸಿಡಿದು ಹೊಗೆಯ ವಿಷ ಸಾಯಿಸುತ್ತದೆ ಎಂದು ಮಾರಿದವನು ಹೇಳಿದ್ದ. ಕಂಪನಿಯ ನೀರು ಬಕೆಟ್ಟಿನಲ್ಲಿ ಬರುತ್ತಿತ್ತು. ನೀರಿಗೂ ಬಿಲ್ಲು ಕೊಡುವ ಕಾಲ ಬಂತಲ್ಲ ಎಂದು ಹಸನಸಾಬ ಗೊಣಗುತ್ತಿದ್ದ. ಆಗ ಹತ್ತಿಮತ್ತೂರಿನ ಪರಮೇಶಪ್ಪ ಒಂದು ಉಪಾಯ ಹೇಳಿದ. ಪರಮೇಶಪ್ಪನಿಗೆ ಹೊಲವೂ ಇತ್ತು, ಹಳೆಯದೊಂದು ಲಾರಿಯೂ ಇತ್ತು.

"ಯೂರಿಯಾ ಅಂದ್ರ ಯೂರಿಯಾ ಹೌದಲ್ಲೋ ಸಾಹೇಬಾ? ಗೋವಿನಜ್ವಾಳಕ್ಕ ತಂದ ಚೀಲ ನಮ್ಮ ಮನ್ಯಾಗ ಬಿದ್ದಾವು."

ಇಬ್ಬರೂ ಸೇರಿ ಬೋರಿನ ನೀರಿನಲ್ಲಿ ಹೊಲದ ಗೊಬ್ಬರ ಕದಡಿ, ಹಸನಸಾಬನ ಹೆಂಡತಿ ಚಮನಬಿಯ ಹಳೆಯ ದುಪಟ್ಟಾದಲ್ಲಿ ಸೋಸಿ ಟ್ಯಾಂಕಿಗೆ ಹಾಕಿದರು. ಗೊಬ್ಬರಕ್ಕೆ ಬೇವಿನೆಣ್ಣೆ ಹಚ್ಚಿರುತ್ತದೆ, ಬೋರಿನ ನೀರಿನಲ್ಲಿ ಸವಳು ಇರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಬೆಳೆಗೆ ಅದರಿಂದ ಏನೂ ಆಗಿರಲಿಲ್ಲವಲ್ಲ, ಗಾಡಿಗೇನು ಆದೀತು ಅಂದುಕೊಂಡರು. ಸ್ವಲ್ಪ ದಿನಕ್ಕೆ ದೀಪ ಹತ್ತಿತು. ಈ ದಿನ ಬೆಳಿಗ್ಗೆ ದೀಪದ ಕೆಳಗೆ ಅಕ್ಷರವೂ ಮೂಡಿತು. ಇನ್ನೊಮ್ಮೆ ಬಂದ್ ಮಾಡಿ ಚಾಲು ಮಾಡಿದರೆ ಗಾಡಿ ಎತ್ತಿನ ಬಂಡಿಗಿಂತ ಜೋರಾಗಿ ಓಡುವುದಿಲ್ಲ ಎಂಬುದು ಅದರ ಅರ್ಥ.

ತುಂಬುವ ಜಾಗದ ಚಹಾ ಅಂಗಡಿಯಲ್ಲಿ ಲಾರಿ ಮಾಲೀಕರದು ಇದೇ ಮಾತು. ಮೂರು ಗಾಡಿಯ ಕುಬೇರಪ್ಪ ತಿಳಿದವನಂತೆ ಮಾತಾಡುತ್ತಿದ್ದ. ಒಮ್ಮೆ ಹಚ್ಚಿದ ಇಂಜಿನ್ ಬಂದ್ ಮಾಡದಿದ್ದರೆ ಒಳಗಿನ ಕಂಪ್ಯೂಟರಿಗೆ ಅದೆಲ್ಲ ಒಂದೇ ಟ್ರಿಪ್ಪು ಅನ್ನಿಸುತ್ತದೆ, ಎಷ್ಟು ದೂರ ಬೇಕಾದರೂ ಓಡಿಸಬಹುದು, ಎಲ್ಲರೂ ಹಾಗೇ ಮಾಡುತ್ತಾರೆ ಎಂದ. ದೊಡ್ಡ ಶಹರದವರ ಮೂಗಿಗೆ ಹೊಗೆ ಹೋದರೆ ನಮ್ಮ ಗಾಡಿಯ ಕುತ್ತಿಗೆ ಹಿಸುಕುತ್ತಾರೆ ಎಂದು ಒಬ್ಬ ಸಿಟ್ಟಾದ. ಇನ್ನೊಬ್ಬ ಕರೆಂಟಿನ ಲಾರಿ ಬರುತ್ತದಂತೆ ಅಂದ. ಅದಕ್ಕೆ ಬ್ಯಾಟರಿಯೇ ಅರ್ಧ ಲೋಡು, ಹಾನಗಲ್ಲಿನ ಆಚೆ ನಿಂತರೆ ಕ್ಯಾನಿನಲ್ಲಿ ಕರೆಂಟು ತಂದು ಸುರುವುತ್ತೀಯೇನು ಎಂದು ಕುಬೇರಪ್ಪ ಕೇಳಿದಾಗ ಎಲ್ಲರೂ ನಕ್ಕರು. ಹಸನಸಾಬನೂ ನಕ್ಕ. ಹಳೆಯ ಗಾಡಿ ಓಡಿಸುವಾಗ ಸಂಜೆ ಮೂಗು ಒರೆಸಿದರೆ ಕರವಸ್ತ್ರ ಕಪ್ಪಾಗುತ್ತಿತ್ತು. ಕಾನೂನು ಸುಳ್ಳಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೆ ಕಾನೂನು ತನ್ನವರೆಗೆ ಬರುವಾಗ ಯಾವಾಗಲೂ ಓದಲು ಬಾರದ ದೀಪವಾಗಿಯೇ ಬರುತ್ತದಲ್ಲ ಎಂಬುದು ಅವನ ಸಂಕಟ.

ಹಾನಗಲ್ಲಿನಲ್ಲಿ ಸೊಸೆ ಗುಲ್ನಾಜ ಮೊಮ್ಮಗಳು ಮದಿಹಾಳನ್ನು ಕರೆದುಕೊಂಡು ನಿಂತಿದ್ದಳು. ಆಡೂರಿನ ತವರಿನಿಂದ ಅಲ್ಲಿಯವರೆಗೆ ಬಸ್ಸಿನಲ್ಲಿ ಬಂದಿದ್ದಳು. ತಡಸದ ಹತ್ತಿರದ ಗೋದಾಮಿಗೆ ಜೋಳ ಇಳಿಸಿ, ಶಿಗ್ಗಾಂವಿ ಮೇಲೆ ಸವಣೂರಿಗೆ ಎಲ್ಲರೂ ಒಟ್ಟಿಗೆ ಹೋಗುವುದೆಂದು ಮಾತಾಗಿತ್ತು. ಮದಿಹಾಳದು ಇನ್ನೂ ಸಾಲೆಗೆ ಹಾಕದ ವಯಸ್ಸು. ಎದೆ ಸ್ವಲ್ಪ ಸೂಕ್ಷ್ಮ. ಆಡೂರಿನಲ್ಲಿ ಒಕ್ಕಣೆಯ ಧೂಳಿಗೆ ಎರಡು ದಿನದಿಂದ ಸುಂಯ್ ಅನ್ನುತ್ತಿತ್ತು, ಉಸಿರಿನ ಔಷಧದ ಪಂಪು ಕೊಟ್ಟಿದ್ದೇನೆ ಎಂದು ಗುಲ್ನಾಜ ಹೇಳಿದಳು. ಮಗು ಲಾರಿಯ ಸೀಟಿನ ಹಿಂದಿನ ಹಾಸಿಗೆಯಲ್ಲಿ ಮಲಗಿತು. ಪರಮೇಶಪ್ಪನ ಹಳೆಯ ಲಾರಿಯೂ ಜೋಳ ತುಂಬಿಕೊಂಡು ಹಿಂದೆಯೇ ಬರುತ್ತಿತ್ತು.

ತಡಸದ ದಾರಿಯಲ್ಲಿ ಮಳೆ ಹಿಡಿಯಿತು. ಒಂದು ಹಳ್ಳಕ್ಕೆ ಹೊಸ ಸೇತುವೆ ಕಟ್ಟುತ್ತಿದ್ದರು. ಬದಿಗೆ ಹಾಕಿದ್ದ ಮಣ್ಣಿನ ದಾರಿಯನ್ನು ನೀರು ಅರ್ಧ ತಿಂದುಹಾಕಿತ್ತು. ಜೆಸಿಬಿಯೊಂದು ಮಣ್ಣು ಸುರಿದು ಒತ್ತುತ್ತಿತ್ತು, ನೀರು ಮತ್ತೆ ಕೊರೆಯುತ್ತಿತ್ತು. ಲಾರಿಗಳು ಸಾಲಾಗಿ ನಿಂತವು. ರಸ್ತೆ ಅಲ್ಲಿ ಗುಡ್ಡ ಕಡಿದು ಮಾಡಿದ್ದು, ಎರಡೂ ಕಡೆ ಆಳೆತ್ತರದ ಮಣ್ಣಿನ ಗೋಡೆ, ಗಾಳಿ ಆಡಲು ಎಡೆಯಿಲ್ಲ. ಮುಂದೆ ಗಾಡಿ, ಹಿಂದೆ ಪರಮೇಶಪ್ಪ. ತಿರುಗಿಸಲು ಜಾಗವಿಲ್ಲ. ಒಬ್ಬರೂ ಇಂಜಿನ್ ಬಂದ್ ಮಾಡಲಿಲ್ಲ.

ಗುಲ್ನಾಜ ಗಾಜು ಏರಿಸಿದಳು, ಇಳಿಸಿದಳು. ಏರಿಸಿದರೆ ಉಸಿರು ಕಟ್ಟುತ್ತಿತ್ತು, ಇಳಿಸಿದರೆ ಖಾರದಂಥ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಮದಿಹಾ ಎದ್ದು ಕುಳಿತಳು. ಮೊದಲು ಕೆಮ್ಮು. ಆಮೇಲೆ ಕೆಮ್ಮಲೂ ಗಾಳಿ ಸಾಲದಂತೆ ಆಯಿತು. ಹೆಗಲು ಮೇಲೆ ಕೆಳಗೆ ಆಗತೊಡಗಿತು, ಕತ್ತಿನ ಗುಣಿ ಉಸಿರೆಳೆದಾಗಲೆಲ್ಲ ಒಳಗೆ ಹೋಗುತ್ತಿತ್ತು. ಗುಲ್ನಾಜ ಪಂಪು ಒತ್ತಿದಳು, ಸ್ವಲ್ಪ ತಡೆದು ಮತ್ತೆ ಒತ್ತಿದಳು. ಸುಂಯ್ ಅನ್ನುವ ಸದ್ದು ಕಡಿಮೆಯಾಯಿತು. ಹಸನಸಾಬನಿಗೆ ಸಮಾಧಾನವಾಗುವಷ್ಟರಲ್ಲಿ ಗುಲ್ನಾಜಳ ಮುಖ ಕಂಡಿತು.

"ಆವಾಜ ನಿಂತ್ರ ಒಳ್ಳೇದಲ್ಲಂತ ಡಾಕ್ಟರು ಹೇಳ್ಯಾರ್ರಿ ಅಬ್ಬಾ. ಗಾಳಿನ ಹೋಗವಲ್ದು. ಗಾಡಿ ಬಂದ್ ಮಾಡ್ರಿ."

ಹಸನಸಾಬನ ಕೈ ಕೀಲಿಯ ಮೇಲೆ ಹೋಯಿತು, ಅಲ್ಲೇ ನಿಂತಿತು. ಬಂದ್ ಮಾಡಿದರೆ ಶಿಗ್ಗಾಂವಿಯ ಆಸ್ಪತ್ರೆಗೆ ಇವಳನ್ನು ಯಾವುದರಲ್ಲಿ ಒಯ್ಯುವುದು? ದಾರಿ ಈಗ ತೆರೆದರೂ ಗಾಡಿ ನಡೆಯುವ ಮನುಷ್ಯನಿಗಿಂತ ಸ್ವಲ್ಪ ಜೋರು ಹೋದೀತು, ಅಷ್ಟೇ. ಚಾಲು ಇಟ್ಟರೆ ಈ ಗಾಳಿ. ನನ್ನ ಗಾಡಿಗೆ ಹೊಗೆಯೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಈಗಲೂ ಹೊಗೆ ಕಾಣುತ್ತಿರಲಿಲ್ಲ. ಕಾಣದೇ ಇರುವುದೇ ಮಗುವಿನ ಕುತ್ತಿಗೆ ಹಿಡಿದಿತ್ತು.

"ಅಬ್ಬಾ," ಎಂದಳು ಗುಲ್ನಾಜ. ಅಷ್ಟೇ.

ಅವನು ಕೀಲಿ ತಿರುವಿದ. ಗಾಡಿ ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಆದರೆ ಗಾಳಿ ಹಾಗೇ ಇತ್ತು. ಮುಂದಿನ ಲಾರಿಯ ಸೈಲೆನ್ಸರ್ ಅವನ ಬಾಗಿಲಿಗೇ ಮುಖ ಮಾಡಿ ಉಗುಳುತ್ತಿತ್ತು, ಹಿಂದೆ ಪರಮೇಶಪ್ಪನದು ಕರ್ರಗೆ ಉಗುಳುತ್ತಿತ್ತು. ಹಸನಸಾಬ ಮಳೆಗೆ ಜಿಗಿದು ಮುಂದಿನ ಗಾಡಿಯ ಬಾಗಿಲು ಬಡಿದ. ಕಿಟಕಿಯಲ್ಲಿ ಕುಬೇರಪ್ಪನ ಮುಖ ಕಂಡಿತು. ಈ ದಿನ ಡ್ರೈವರ್ ಬಾರದೆ ತಾನೇ ಗಾಡಿ ತಂದಿದ್ದ. ವಿಷಯ ಕೇಳಿ ಅವನ ಕಣ್ಣು ಸ್ಟೇರಿಂಗಿನ ಹಿಂದೆ ಹೋಯಿತು. ಅಲ್ಲಿಯೂ ಅದೇ ಹಳದಿ ದೀಪ.

"ಸಾಹೇಬಾ, ನಂದೂ ಅದ ಕತಿ ಐತಿ. ಬಂದ್ ಮಾಡಿದ್ರ ನಾ ಇಲ್ಲೇ ಹೂತೋಗ್ತೇನಿ."

"ಕೂಸು ಹೋಗಾಕತ್ತೈತ್ರಿ," ಎಂದ ಹಸನಸಾಬ. ದನಿ ಏರಿಸಲಿಲ್ಲ.

ಕುಬೇರಪ್ಪ ಅವನನ್ನು ನೋಡಿದ, ದೀಪವನ್ನು ನೋಡಿದ. ಬಾಯಲ್ಲಿ ಏನೋ ಬೈದುಕೊಂಡು ಕೀಲಿ ತಿರುವಿದ. ಆಮೇಲೆ ತಾನೇ ಇಳಿದು, ತನ್ನ ಮುಂದಿನ ಗಾಡಿಯ ಕಡೆ ಓಡಿದ. ಅವನ ಕೂಗು ಸಾಲಿನುದ್ದಕ್ಕೂ ಕೇಳಿಸಿತು. ಹಸನಸಾಬ ಹಿಂದಿನ ಗಾಡಿಯ ಹತ್ತಿರ ಬಂದ. ಪರಮೇಶಪ್ಪನ ಬ್ರೇಕಿನ ಏರ್ ಸೋರುತ್ತಿತ್ತು, ಬಂದ್ ಮಾಡಿದರೆ ಏರ್ ಪೂರ್ತಿ ಇಳಿದು ಚಕ್ರ ಹಿಡಿದುಕೊಳ್ಳುತ್ತದೆ, ಹಿಂದಿನವರೆಲ್ಲ ನನ್ನ ಜೀವ ತಿನ್ನುತ್ತಾರೆ ಎಂದು ಅವನು ಹೇಳುತ್ತಿದ್ದಂತೆಯೇ ಕೈ ಕೀಲಿ ತಿರುವಿ ಆಗಿತ್ತು. ಒಂದೊಂದಾಗಿ ಗಾಡಿಗಳು ಸುಮ್ಮನಾದವು. ಯಾರ್ಯಾರ ಗಾಡಿಯಲ್ಲಿ ಏನೇನು ದೀಪ ಇತ್ತೋ. ಮಳೆಯ ಸದ್ದು ಒಮ್ಮೆಲೇ ಜೋರಾದಂತೆ ಕೇಳಿಸಿತು.

ಮದಿಹಾಳ ತುಟಿ ನೀಲಿಗೆ ತಿರುಗಿತ್ತು.

ಕಾಯುವಂತಿರಲಿಲ್ಲ. ಹಸನಸಾಬ ಮಗುವನ್ನು ಟಾರ್ಪಾಲಿನ ತುಂಡಿನಲ್ಲಿ ಸುತ್ತಿ ಎದೆಗವಚಿಕೊಂಡು ಹಳ್ಳದ ಕಡೆ ಓಡಿದ. ಹಿಂದೆ ಗುಲ್ನಾಜ, ಅವಳ ಹಿಂದೆ ಪರಮೇಶಪ್ಪ. ಜೆಸಿಬಿಯವನು ಬಕೆಟ್ಟು ಎತ್ತಿ ಹಿಡಿದ. ಹೊಸ ಮಣ್ಣಿನಲ್ಲಿ ಕಾಲು ಮೊಣಕಾಲವರೆಗೆ ಹೂತಿತು. ಪರಮೇಶಪ್ಪ ಅವನ ಷರಟಿನ ಕಾಲರು ಹಿಡಿದು ಎಳೆದ, ಒಂದು ಚಪ್ಪಲಿ ಅಲ್ಲೇ ಉಳಿಯಿತು. ಆಚೆ ದಂಡೆಯಲ್ಲೂ ಗಾಡಿಗಳ ಸಾಲಿತ್ತು. ಆದರೆ ಎಲ್ಲವೂ ದೊಡ್ಡವು, ಒಂದಕ್ಕೊಂದು ಅಂಟಿ ನಿಂತವು. ಸಾಲಿನ ಕೊನೆಗೆ ಬಂದು ತಿರುಗಿಸಿಕೊಳ್ಳುತ್ತಿದ್ದುದು ಒಂದೇ ಒಂದು, ಕರೆಂಟಿನ ಮೂರು ಗಾಲಿಯ ಸಾಮಾನಿನ ಗಾಡಿ. ಅದನ್ನು ನಡೆಸುವ ನೀಲಾಂಬಿಕಾ ಶಿಗ್ಗಾಂವಿಯಿಂದ ಹಳ್ಳಿಯ ಅಂಗಡಿಗಳಿಗೆ ಕಾಯಿಪಲ್ಲೆ ಹಾಕುವವಳು. ದಾರಿ ತೆರೆಯುವಂತೆ ಕಾಣದೆ ಕ್ರೇಟುಗಳ ಸಮೇತ ಹಿಂದಿರುಗಲು ಹೊರಟಿದ್ದಳು.

ಮಗುವನ್ನು ನೋಡಿ ಅವಳು ಬೇರೆ ಏನೂ ಕೇಳಲಿಲ್ಲ. ಸ್ಕ್ರೀನು ತೋರಿಸಿದಳು. "ಚಾರ್ಜ ಭಾಳ ಇಲ್ರಿ ಕಾಕಾ. ನಾ ಒಬ್ಬಾಕಿ ಆದ್ರ ಮುಟ್ತೇನಿ. ಇಷ್ಟು ಮಂದಿ ಅಂದ್ರ ಖರೆ ಹೇಳಾಕ ಬರೂದಿಲ್ಲ."

ಕರೆಂಟಿನ ಗಾಡಿಗೆ ಹಿರೇಕೆರೂರಿನಲ್ಲಿ ನಕ್ಕ ನಗು ಹಸನಸಾಬನ ಕಿವಿಯಲ್ಲಿ ಸುಳಿಯಿತು. ಅದು ಯಾವ ಉಪಯೋಗಕ್ಕೂ ಬರಲಿಲ್ಲ. ಪರಮೇಶಪ್ಪ ಆಗಲೇ ಟೊಮೆಟೊ ಕ್ರೇಟುಗಳನ್ನು ರಸ್ತೆಯ ಬದಿಗೆ ಇಳಿಸಲು ಶುರು ಮಾಡಿದ್ದ.

"ನಿನ್ನ ಮಾಲು ನಾ ಕಾಯ್ತೇನವಾ. ನೀ ಹೊಂಡು."

ಗುಲ್ನಾಜ ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ನೀಲಾಂಬಿಕಾಳ ಪಕ್ಕ ಕುಳಿತಳು. ಹಸನಸಾಬ ಹಿಂದಿನ ಡಬ್ಬಿಯಲ್ಲಿ. ಗಾಡಿ ಸದ್ದಿಲ್ಲದೆ ಹೊರಟಿತು. ಆ ಸದ್ದಿಲ್ಲದಿರುವುದೇ ಅವನನ್ನು ಹೆಚ್ಚು ಹೆದರಿಸಿತು. ಇಂಜಿನ್ನಿನ ದನಿ ಕೇಳಿ ಗಾಡಿಯ ಆರೋಗ್ಯ ಹೇಳುವವನು ಅವನು. ಇದು ಓಡುತ್ತಿದೆಯೋ, ಸಾಯುತ್ತಿದೆಯೋ ತಿಳಿಯಲು ಅವನಿಗೆ ಕಿವಿಯೇ ಇಲ್ಲದಂತಾಯಿತು. ಕೇಳಿಸುತ್ತಿದ್ದುದು ಮುಂದಿನಿಂದ ಬರುವ ಉಸಿರು ಮಾತ್ರ. ಅದು ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವನು ಡಬ್ಬಿಯ ತಗಡನ್ನು ಅಂಗೈಯಿಂದ ಒತ್ತಿ ಹಿಡಿಯುತ್ತಿದ್ದ, ಒತ್ತಿದರೆ ಉಸಿರು ಮುಂದೆ ಹೋಗುತ್ತದೆ ಎಂಬಂತೆ.

ಚಾರ್ಜು ಉಳಿಸಲು ನೀಲಾಂಬಿಕಾ ದೀಪ ಆರಿಸಿದಳು. ವೈಪರ್ ನಿಲ್ಲಿಸಿ, ತಲೆ ಹೊರಗೆ ಹಾಕಿ ನಡೆಸಿದಳು. ಶಿಗ್ಗಾಂವಿ ಇನ್ನೇನು ಕಾಣಬೇಕು ಅನ್ನುವ ಏರಿನಲ್ಲಿ ಗಾಡಿ ಕುಂಟತೊಡಗಿತು. ಹಸನಸಾಬ ಕೆಳಗೆ ಜಿಗಿದು ನೂಕಿದ. ಒಂದು ಕಾಲಿಗೆ ಚಪ್ಪಲಿ ಇಲ್ಲ, ಜಲ್ಲಿ ಚುಚ್ಚುತ್ತಿತ್ತು, ಅದು ಅವನಿಗೆ ಆಮೇಲೆ ಗೊತ್ತಾಯಿತು. ಹಿಂದಿನಿಂದ ಬಂದ ಬೈಕಿನ ಇಬ್ಬರು ಏನೆಂದು ಕೇಳದೆ ಇಳಿದು ಭುಜ ಕೊಟ್ಟರು. ಏರು ಮುಗಿಯಿತು. ಇಳಿಜಾರಿನಲ್ಲಿ ಗಾಡಿ ತಾನೇ ಉರುಳಿತು. ಅವನು ಹಿಂದೆ ಓಡಿದ. ಅವನು ಓಡುತ್ತಿದ್ದಂತೆಯೇ ಗಾಡಿ ತಿರುವಿನಲ್ಲಿ ಮರೆಯಾಯಿತು. ಮಗುವಿನ ಉಸಿರು ಈಗ ಅವನಿಗೆ ಕೇಳಿಸುತ್ತಿರಲಿಲ್ಲ. ಆ ದಿನದ ಎಲ್ಲ ಹೆದರಿಕೆಗಿಂತ ದೊಡ್ಡದು ಅದೇ.

ಅವನು ಆಸ್ಪತ್ರೆ ಮುಟ್ಟಿದಾಗ ಮದಿಹಾಳ ಮುಖಕ್ಕೆ ಮಾಸ್ಕು ಹಾಕಿದ್ದರು, ಔಷಧದ ಬಿಳಿ ಆವಿ ಅಂಚಿನಿಂದ ಹೊರಗೆ ಬರುತ್ತಿತ್ತು. ಬಾಗಿಲಲ್ಲೇ ನಿಂತ. ಒಳಗೆ ಹೋಗಲು ಧೈರ್ಯವಾಗಲಿಲ್ಲ. ತುಂಬಾ ಹೊತ್ತಿನ ಮೇಲೆ ಆ ಸುಂಯ್ ಅನ್ನುವ ಸದ್ದು ಮತ್ತೆ ಶುರುವಾಯಿತು. ಅದನ್ನು ಕೇಳಿ ಗುಲ್ನಾಜ ಅಳತೊಡಗಿದಳು. ಸದ್ದು ಬಂತೆಂದರೆ ಗಾಳಿ ಹೋಗುತ್ತಿದೆ ಎಂದು ಡಾಕ್ಟರು ಹೇಳಿದರು. ಇನ್ನೊಂದಿಷ್ಟು ತಡವಾಗಿದ್ದರೆ ಎಂದು ಮಾತು ಶುರು ಮಾಡಿ, ಇವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಒಂದು ದಿನ ಇಲ್ಲೇ ಇರಬೇಕು, ಕಣ್ಣಿಟ್ಟಿರಬೇಕು ಎಂದಷ್ಟೇ ಹೇಳಿದರು.

ಪರಮೇಶಪ್ಪ ಫೋನು ಮಾಡಿದ. ದಾರಿ ತೆರೆದಿತ್ತು. ಕೀಲಿ ನಿನ್ನ ಕಿಸೆಯಲ್ಲಿದೆ, ನಿನ್ನ ಗಾಡಿ ನಟ್ಟನಡುವೆ ನಿಂತುಬಿಟ್ಟಿತ್ತು ಎಂದ. ಜೆಸಿಬಿಯಿಂದ ಎಳೆಸಿ ಬದಿಗೆ ಹಾಕಿಸಿದ್ದನಂತೆ. ಕುಬೇರಪ್ಪನ ಗಾಡಿ ಎಮ್ಮೆಯಂತೆ ನಡೆಯುತ್ತ ಹೋಯಿತಂತೆ, ಹಿಂದಿನವರು ಹಾರ್ನು ಹೊಡೆದು ಹೊಡೆದು ಸೋತರಂತೆ. ನಗಿಸಲು ಹೇಳುತ್ತಿದ್ದಾನೆ ಎಂದು ಹಸನಸಾಬನಿಗೆ ತಿಳಿಯಿತು. ಕೊನೆಗೆ ಪರಮೇಶಪ್ಪನ ದನಿ ಸಣ್ಣದಾಯಿತು. ಆ ನೀರಿನ ಉಪಾಯ ಹೇಳಿದವನು ನಾನೇ ಅಲ್ಲವೇ ಎಂದ. ಕದಡಿದ ಕೈ ನಾಲ್ಕು, ಈಗ ಅದನ್ನು ಎಣಿಸುವುದು ಬೇಡ, ಕೂಸು ಉಸಿರಾಡುತ್ತಿದೆ ಎಂದ ಹಸನಸಾಬ. ನಾಳೆ ಟ್ಯಾಂಕು ಬಿಚ್ಚಿ ತೊಳೆಸಬೇಕು, ಅದಕ್ಕೆ ನೀನೂ ಬಾ ಎಂದು ಹೇಳಿ ಫೋನಿಟ್ಟ.

ಅವನು ಮಂಚದ ಪಕ್ಕ ಕುಳಿತ. ಮದಿಹಾ ಮಲಗಿದ್ದಳು, ಎದೆ ಏರುತ್ತ ಇಳಿಯುತ್ತ ಇತ್ತು. ಅವನ ಹೆದರಿಕೆ ಮಾತ್ರ ಇಳಿಯಲಿಲ್ಲ. ಕಿಟಕಿಯ ಕೆಳಗೆ ಯಾರನ್ನೋ ಇಳಿಸಲು ಬಂದ ಟೆಂಪೋ ನಿಂತಿತ್ತು. ಇಂಜಿನು ಚಾಲು ಇತ್ತು. ಕಿಟಕಿ ಮುಚ್ಚಲು ಎದ್ದ, ಅಗುಳಿ ಮುರಿದಿತ್ತು. ಒಂದೇ ಚಪ್ಪಲಿಯಲ್ಲಿ ಮೆಟ್ಟಿಲಿಳಿದು ಹೋಗಿ ಡ್ರೈವರಿಗೆ ಬಂದ್ ಮಾಡು ಎಂದ.

"ಬ್ಯಾಟರಿ ಕುಂತೈತ್ರಿ ಅಜ್ಜಾರ. ಬಂದ್ ಮಾಡಿದ್ರ ಮತ್ತ ಚಾಲು ಆಗೂದಿಲ್ಲ."

ಹಸನಸಾಬ ಟೆಂಪೋದ ಹಿಂದೆ ಹೋಗಿ ನಿಂತ, ಎರಡೂ ಕೈಯನ್ನು ತಗಡಿಗೆ ಊರಿದ.

"ಬಂದ್ ಮಾಡು," ಎಂದ. "ಚಾಲು ಮಾಡುವಾಗ ನಾ ನೂಕತೇನಿ."