ಮುಂದೆ ಬಿಗಿದ ಗಂಟು

"ಕತ್ತರಿ ತಾರೇ, ಈ ಗಂಟು ಬಿಚ್ಚೋ ಹಂಗಿಲ್ಲ," ಎಂದಳು ಪಕ್ಕದ ಮನೆಯ ಯೂನಿಯಜ್ಜಿ.

ನಸ್ಸಾಲಿ ಅಲುಗಲಿಲ್ಲ. ಹೆಣಕ್ಕೆ ಸ್ನಾನ ಮಾಡಿಸಲು ತಂದ ನೀರಿನ ಬೋಗುಣಿ ಹಿಡಿದು ಹಾಗೇ ನಿಂತುಬಿಟ್ಟಳು. ಚಾಪೆಯ ಮೇಲೆ ಮಲಗಿದ್ದವಳು ಅವಳ ಸೋದರತ್ತೆ ನಾಲುಗ್ವಾ. ಉಡುಪು ತೆಗೆದಾಗ ಕಂಡದ್ದು, ಎಡ ಎದೆಯನ್ನು ಅಪ್ಪಚ್ಚಿ ಮಾಡಿ ಸುತ್ತಿದ್ದ ಹಳೇ ಬಟ್ಟೆ. ಗಂಟು ಮುಂದಿತ್ತು.

ಅಜ್ಜಿಯೇ ಕತ್ತರಿ ಹುಡುಕಿ ಬಟ್ಟೆ ಕತ್ತರಿಸಿದಳು. ಒಳಗೆ ಗಡ್ಡೆ ಒಡೆದು ಹುಣ್ಣಾಗಿತ್ತು.

"ಅಯ್ಯೋ ನನ್ನ ತಾಯಿ! ಮಲೇರಿಯಾ, ಮಲೇರಿಯಾ ಅಂತ ನಮಗೆಲ್ಲ ಕಿವಿ ಮೇಲೆ ಹೂವಿಟ್ಯಲ್ಲೇ!" ಎಂದು ಅಜ್ಜಿ ಹೆಣವನ್ನೇ ಗದರಿದಳು.

*

ಹೋದ ವಾರವಷ್ಟೇ ಇದೇ ಕೋಣೆಯಲ್ಲಿ ಅತ್ತೆ ನಸ್ಸಾಲಿಗೆ ಇಂಥದೇ ಬಟ್ಟೆ ಸುತ್ತಿದ್ದಳು. ಅವರ ರೂಢಿಯಲ್ಲಿ ಮಗಳ ಮೈಯ ಮಾತು ತಾಯಿಯ ಬಾಯಲ್ಲಿ ಬರಬಾರದು, ಅದು ಸೋದರತ್ತೆಯ ಬಾಬತ್ತು. ಹಾಗಾಗಿ ನಸ್ಸಾಲಿಯ ಎದೆಯ ಗಡ್ಡೆಯ ಸುದ್ದಿ ಅಮ್ಮನಿಗೆ ಗೊತ್ತೇ ಇರಲಿಲ್ಲ. ಮಸಾಕಾ ಪಟ್ಟಣದ ಸುತ್ತಿನ ಎಷ್ಟೋ ಹುಡುಗಿಯರಿಗೆ, ಕುಲ ನೋಡದೆ, ನಾಲುಗ್ವಾ ಅತ್ತೆಯಾಗಿದ್ದಳು. ಮೊಲೆ ತೆಗೆಯಬೇಕು ಎಂದು ಡಾಕ್ಟರು ಹೇಳಿದರೆ ಹುಡುಗಿಯರು ನೇರ ಇವಳ ಬಳಿ ಓಡಿ ಬರುತ್ತಿದ್ದರು. ಇವಳು ತೆಗೆಸು ಎನ್ನುತ್ತಿರಲಿಲ್ಲ, ಬೇಡ ಎನ್ನುತ್ತಲೂ ಇರಲಿಲ್ಲ. ಎದೆಗೆ ಬಟ್ಟೆ ಬಿಗಿದು ಬೆನ್ನ ಹಿಂದೆ ಗಂಟು ಹಾಕುತ್ತಿದ್ದಳು.

"ಇವತ್ತೊಂದು ದಿನ ಹಿಂಗೇ, ಒಂದು ಮೊಲೆ ಇಲ್ದೋಳ ಹಂಗೆ ಇರು. ಸಂತೆಗೆ ಹೋಗು, ನೀರು ಹೊರು, ಆ ನಿನ್ನ ಮದುವೆ ಗಂಡಿನ ಎದುರಿಗೂ ಕೂತ್ಕೊ. ಆಮೇಲೆ ಹೇಳು."

"ಗಂಟು ಹಿಂದೆ ಯಾಕತ್ತೆ? ನಾನು ಹೆಂಗೆ ಬಿಚ್ಕೊಳ್ಳಲಿ?"

"ನೀನೇ ಬಿಚ್ಕೋಬಾರ್ದು ಅಂತ್ಲೇ, ಕತ್ತೆ. ಬಿಚ್ಚೋಕೆ ನನ್ನ ಹತ್ರ ಬರ್ಬೇಕು. ಒಬ್ಳೇ ಮೂಲೇಲಿ ಕೂತು ತೀರ್ಮಾನ ಮಾಡೋದಲ್ಲ ಇದು."

ಸಂಜೆ ಬಂದು ನಸ್ಸಾಲಿ, "ಇನ್ನೂ ಗೊತ್ತಾಗ್ತಿಲ್ಲ," ಎಂದಳು. ಅತ್ತೆ ನಕ್ಕಳು. "ಆಗ್ಲಿ ಬಿಡು. ಸೋಮವಾರ ಆಸ್ಪತ್ರೆ ಬಾಗಿಲ ತನಕ ನಾನಿರ್ತೀನಿ. ಅಲ್ಲೇ ಹೇಳು."

ಆ ಸೋಮವಾರ ನಾಳೆಯೇ.

*

ಹೆಣಕ್ಕಿಂತ ಮುಂಚೆ ಗಡ್ಡೆಯ ಸುದ್ದಿ ಅಂಗಳಕ್ಕೆ ಬಂತು.

"ನನ್ನದು ಕುಯ್ಸಿ ತನ್ನದು ಬಚ್ಚಿಟ್ಕೊಂಡ್ಳಲ್ಲ, ಮಹಾತಾಯಿ!" ಎಂದಳು ನಾಂತೊಂಗೊ. ಅತ್ತೆಯ ಜೊತೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬದುಕಿದವಳು ಅವಳು. ಬೈಯುತ್ತ ಬೈಯುತ್ತಲೇ ಬಿಕ್ಕಿದಳು.

"ಕುಯ್ಸು ಅಂದ್ಳೇನೇ ಅವಳು? ಕುಯ್ಸ್ಕೋತೀನಿ ಅಂತ ಹೇಳಿದ್ದು ನೀನೇ," ಎಂದಳು ಯೂನಿಯಜ್ಜಿ. "ಊರಿನ ಹೆಣ್ಮಕ್ಕಳಿಗೆಲ್ಲ ಹಿಂದೆ ಗಂಟು ಹಾಕಿದ್ಲು. ಅವಳಿಗೆ ಹಾಕೋರು ಯಾರಿದ್ರು, ಹೇಳು?"

ನಾಂತೊಂಗೊ ಮುಖ ಮುಚ್ಚಿಕೊಂಡಳು. ಮರದ ತೊಗಟೆಯ ಬಟ್ಟೆ ಸುತ್ತಿದ ಹೆಣವನ್ನು ಗಂಡಸರು ಬಾಳೆತೋಟದ ಗುಂಡಿಗೆ ಒಯ್ದರು.

ಮಣ್ಣು ಮುಚ್ಚಿದ ಮೇಲೆ ನಸ್ಸಾಲಿ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಳು. ಇಷ್ಟೊಂದು ಜನ, ಇದನ್ನು ಹೇಳಿಕೊಳ್ಳಲು ಒಬ್ಬರಿಲ್ಲ. ಅವಳಿಗೆ ಭಯವಾದದ್ದು ಡಾಕ್ಟರ ಕತ್ತರಿಯಿಂದಲ್ಲ. ಹೀಗೇ ಒಬ್ಬಳೇ ಉಳಿದರೆ, ತಾನೂ ಬಟ್ಟೆ ಬಿಗಿದುಕೊಂಡು ಸುಮ್ಮನಿದ್ದುಬಿಡುತ್ತೇನೆ ಎಂಬುದೇ ಅವಳ ಭಯವಾಗಿತ್ತು.

ಅಡುಗೆ ಗುಡಿಸಲ ಹಿಂದೆ ಅಮ್ಮ ಕೂತು ಬಾಳೆಕಾಯಿ ಹೆರೆಯುತ್ತಿದ್ದಳು. ಕೈತುಂಬ ಸೊನೆ.

"ಅಮ್ಮ, ನಾಳೆ ನಂಗೆ ಆಪರೇಷನ್ನು. ಎದೇದು. ಮಾಡಿಸ್ಕೊಳ್ತೀನಿ. ನೀನು ಬರ್ಬೇಕು."

ಅಮ್ಮ ಗಾಬರಿಯಾಗಿ ಆಚೀಚೆ ನೋಡಿದಳು. "ಇಂಥದ್ದೆಲ್ಲ ನನ್ನ ಹತ್ರ ಆಡಬಾರ್ದು ಕಣೇ. ಅತ್ತೆಗೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ನಸ್ಸಾಲಿ ಆ ಅಂಟುಗೈಯನ್ನು ಹಿಡಿದು ಉಡುಪಿನೊಳಗೆ, ಗಡ್ಡೆಯ ಮೇಲೆ ಇಟ್ಟುಕೊಂಡಳು. ಅಮ್ಮನ ಕೈ ಒಮ್ಮೆ ಹಿಂದಕ್ಕೆ ಸರಿಯಿತು, ಆಮೇಲೆ ಅಲ್ಲೇ ನಿಂತಿತು. ಇನ್ನೊಂದು ಕೈಯ ಚಾಕು ಸಿಪ್ಪೆಯ ರಾಶಿಗೆ ಬಿತ್ತು. ಒಲೆಯ ಹತ್ತಿರದಿಂದ ಯಾರೋ, ಬಾಳೆಕಾಯಿ ಎಲ್ಲಿ, ಇನ್ನೂ ಆಗಿಲ್ವಾ ಎಂದು ಕೂಗಿದರು. ಮತ್ತೆ ಕೂಗಿದರು. ಅಮ್ಮ ಕೈ ತೆಗೆಯಲಿಲ್ಲ.